ಜಮೀನಿನ ‘ಮೆಷರ್‌’ಗೆ ಮತ ಹಾಕುವ ಮುನ್ನ ಓದಬೇಕಾದದ್ದು

ಒಂದು ಜಾಗದಲ್ಲಿ ಎಷ್ಟು ಮಹಡಿ ಏರಬಹುದು, ಹೊಲವನ್ನು ಲೇಔಟ್ ಮಾಡಬಹುದೇ, ಹಳೆಯ ಮಾಲ್ ಕೆಡವಿ ಮನೆ ಕಟ್ಟಬಹುದೇ? ಕ್ಯಾಲಿಫೋರ್ನಿಯಾದಲ್ಲಿ ಇಂಥ ಪ್ರಶ್ನೆಗಳು ‘ಮೆಷರ್’ ಎಂಬ ಹೆಸರಿನಲ್ಲಿ ಆಗಾಗ ನೇರವಾಗಿ ಮತಪತ್ರಕ್ಕೇ ಬರುತ್ತವೆ. 1911ರಲ್ಲಿ ಹೈರಮ್ ಜಾನ್ಸನ್ ಗವರ್ನರ್ ಆಗಿದ್ದಾಗ ಸಂವಿಧಾನಕ್ಕೆ ಸೇರಿದ ಅಧಿಕಾರ ಇದು. ಬೆಂಗಳೂರಿನಲ್ಲಿ ಮಹಾಯೋಜನೆಯ ಕರಡು ಹೊರಬಿದ್ದಾಗ ನಾವು ಆಕ್ಷೇಪಣೆ ಬರೆದುಕೊಡಬಹುದು, ಅಷ್ಟೇ. ತೀರ್ಮಾನ ಪ್ರಾಧಿಕಾರದ್ದು ಮತ್ತು ಸರ್ಕಾರದ್ದು. ಹಾಗಾಗಿ ಅಮೆರಿಕದ ಪೌರತ್ವ ಪಡೆದು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರ ಕೈಗೆ ಮೊದಲ ಸಲ ಇಂಥ ಮತಪತ್ರ ಬಂದಾಗ ಅದರ ತೂಕ ಸುಲಭಕ್ಕೆ ಗೊತ್ತಾಗುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಪಟ್ಟಿ ನೋಡಿ ‘ಯೆಸ್’ ಅಥವಾ ‘ನೋ’ ತುಂಬಿಬಿಡುತ್ತಾರೆ.

ಬಹಳಷ್ಟು ಜನ ಇದನ್ನು ‘ಅಭಿವೃದ್ಧಿ ಬೇಕೋ ಬೇಡವೋ’ ಎಂಬ ಪ್ರಶ್ನೆಯಾಗಿಯೇ ಓದುತ್ತಾರೆ. ಎಡವುವುದು ಅಲ್ಲಿಯೇ. ಕೇಳಿಕೊಳ್ಳಬೇಕಾದದ್ದು ಬೇರೆ. ಇದು ಗೆದ್ದರೆ ಮುಂದೆ ಈ ಜಾಗದ ನಿಯಮ ಬದಲಿಸುವ ಅಧಿಕಾರ ಯಾರ ಕೈಗೆ ಹೋಗುತ್ತದೆ? ಸೋತರೆ ಮರುದಿನದಿಂದ ಈ ಜಾಗಕ್ಕೆ ಅನ್ವಯಿಸುವ ನಿಯಮ ಯಾವುದು? ಎರಡನೆಯ ಪ್ರಶ್ನೆಯನ್ನು ಪ್ರಚಾರದ ಯಾವ ಕರಪತ್ರವೂ ಕೇಳುವುದಿಲ್ಲ.

ಸಿಲಿಕಾನ್ ವ್ಯಾಲಿಯ ಕ್ಯುಪರ್ಟಿನೊ ನಗರದಲ್ಲಿ ನಡೆದದ್ದನ್ನೇ ನೋಡಿ. 2016ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರ ಮುಂದೆ ವಾಲ್‌ಕೋ ಮಾಲ್ ಬಗ್ಗೆ ಎರಡು ಮೆಷರ್‌ಗಳು ಒಟ್ಟಿಗೇ ಬಂದವು. 280 ಹೆದ್ದಾರಿಗೆ ತಾಗಿಕೊಂಡು ವುಲ್ಫ್ ರಸ್ತೆಯ ಎರಡೂ ಬದಿಗಿದ್ದ ಈ ಮಾಲ್ ಆ ಹೊತ್ತಿಗೆ ಬಹುಮಟ್ಟಿಗೆ ಖಾಲಿಯಾಗಿತ್ತು. ನಿವಾಸಿಗಳ ಗುಂಪು ಸಹಿ ಸಂಗ್ರಹಿಸಿ ತಂದ ಮೆಷರ್ ಸಿ, ವಾಲ್‌ಕೋದ ಮರುನಿರ್ಮಾಣಕ್ಕೆ ಕಡಿವಾಣ ಹಾಕಿ, ಊರಿನ ಮುಖ್ಯ ರಸ್ತೆಗಳ ಕಟ್ಟಡಗಳಿಗೆ ಎತ್ತರದ ಮಿತಿ ಮತ್ತು ಸೆಟ್‌ಬ್ಯಾಕ್ (ರಸ್ತೆಯಿಂದ ಬಿಡಬೇಕಾದ ಅಂತರ) ಗೊತ್ತುಮಾಡುತ್ತಿತ್ತು. ಜಾಗದ ಮಾಲೀಕರಾದ ಸ್ಯಾಂಡ್ ಹಿಲ್ ಪ್ರಾಪರ್ಟಿ ಕಂಪನಿಯ ಮೆಷರ್ ಡಿ ಕೇಳಿದ್ದು 20 ಲಕ್ಷ ಚದರಡಿ ಆಫೀಸು, 6.4 ಲಕ್ಷ ಚದರಡಿ ಅಂಗಡಿ-ಮನರಂಜನೆ, 389 ಮನೆ ಮತ್ತು ಇವೆಲ್ಲದರ ಮೇಲೆ 30 ಎಕರೆಯ ಹಸಿರು ಛಾವಣಿ.

ಎರಡೂ ಸೋತವು. ಎರಡಕ್ಕೂ ‘ನೋ’ ಅಂದರೆ ಇದ್ದದ್ದು ಇದ್ದಂತೆ ಇರುತ್ತದೆ ಎಂಬುದು ಸಹಜವಾದ ಲೆಕ್ಕ. ಆ ಲೆಕ್ಕ ತಪ್ಪಿತು. ವಾಲ್‌ಕೋದಲ್ಲಿ ಮನೆಗಳಿಗೂ ಆಫೀಸಿಗೂ ಅವಕಾಶ ಕೊಟ್ಟಿದ್ದ ನಗರದ ಮಹಾಯೋಜನೆ, ಅಂದರೆ ಜನರಲ್ ಪ್ಲಾನ್, ಹಾಗೆಯೇ ಉಳಿದಿತ್ತು. 2017ರಲ್ಲಿ ರಾಜ್ಯದ ಶಾಸನಸಭೆ ಎಸ್‌ಬಿ 35 ಕಾಯ್ದೆ ತಂದಿತು. ರಾಜ್ಯ ಗೊತ್ತುಮಾಡಿದ ಮನೆಗಳ ಗುರಿ ಮುಟ್ಟದ ಊರುಗಳಲ್ಲಿ, ಯೋಜನೆಯ ಮೂರರಲ್ಲಿ ಎರಡು ಪಾಲು ವಸತಿಯಾಗಿದ್ದು, ಕಡಿಮೆ ಆದಾಯದವರಿಗೆ ನಿಗದಿತ ಪಾಲು ಮನೆ ಮೀಸಲಿಟ್ಟು, ಬರೆದಿಟ್ಟ ನಿಯಮಗಳಿಗೆಲ್ಲ ಹೊಂದಿದರೆ, ನಗರ ಅದನ್ನು ಮಂಜೂರು ಮಾಡಲೇಬೇಕು ಎನ್ನುತ್ತದೆ ಆ ಕಾಯ್ದೆ. ಪರಿಸರ ವರದಿ ಬೇಕಿಲ್ಲ, ನಗರಸಭೆಯಾದ ಕೌನ್ಸಿಲ್ಲಿನ ಮತವೂ ಬೇಕಿಲ್ಲ. ದೊಡ್ಡ ಯೋಜನೆಗೂ 180 ದಿನಗಳೊಳಗೆ ಉತ್ತರ ಕೊಡಬೇಕು. 2018ರ ಮಾರ್ಚ್‌ನಲ್ಲಿ ಈ ಕಾಯ್ದೆಯಡಿ ಸ್ಯಾಂಡ್ ಹಿಲ್ ಕಂಪನಿಯ ಅರ್ಜಿ ಬಿತ್ತು. ಸೆಪ್ಟೆಂಬರಿನಲ್ಲಿ 2,402 ಮನೆ, ಸುಮಾರು 18 ಲಕ್ಷ ಚದರಡಿ ಆಫೀಸು, 4 ಲಕ್ಷ ಚದರಡಿ ಅಂಗಡಿಗಳ ಯೋಜನೆ ಮಂಜೂರಾಯಿತು. ಮನೆಗಳಲ್ಲಿ ಅರ್ಧ ಕಡಿಮೆ ಆದಾಯದವರಿಗೆ ಮೀಸಲು. ನಿವಾಸಿಗಳ ಗುಂಪು ಕೋರ್ಟಿಗೆ ಹೋಯಿತು. 2020ರ ಮೇ ತಿಂಗಳಲ್ಲಿ ಕೋರ್ಟ್ ಮಂಜೂರಾತಿಯನ್ನೇ ಎತ್ತಿಹಿಡಿಯಿತು.

ಅಂದರೆ 389 ಮನೆಗಳ ಯೋಜನೆಯನ್ನು ಮತದಾರರು ತಿರಸ್ಕರಿಸಿ ಎರಡು ವರ್ಷ ಕಳೆಯುವುದರೊಳಗೆ 2,402 ಮನೆಗಳದು ಮಂಜೂರಾಗಿತ್ತು. ಈ ಊರುಗಳಲ್ಲಿ ಮನೆಗಳಿಗಿರುವ ಬರ ನೋಡಿದರೆ ಅದು ಒಳ್ಳೆಯದೇ ಆಯಿತು ಎನ್ನುವವನು ನಾನು. ಆದರೆ ಟ್ರಾಫಿಕ್ ಹೆಚ್ಚುತ್ತದೆಂದು ‘ನೋ’ ಅಂದವರು ಬಯಸಿದ್ದು ಇದನ್ನಲ್ಲ. ಇಂಥ ಮಂಜೂರಾತಿ ಸಿಬ್ಬಂದಿ ಮಟ್ಟದ ಕೆಲಸ. ಅದರ ವಿರುದ್ಧ ಸಹಿ ಸಂಗ್ರಹಿಸಿ ಮತಕ್ಕೆ ತರುವ ದಾರಿಯೇ ಇಲ್ಲ.

ಇದೇ ಪ್ರಕರಣದ ಇನ್ನೊಂದು ಎಳೆಯನ್ನೂ ಗಮನಿಸಬೇಕು. ಮೆಷರ್ ಸಿಯ ಪಠ್ಯದ ಪ್ರಕಾರ ವಸತಿ ಬಡಾವಣೆಗಳ ಎತ್ತರದ ಮಿತಿ 30 ಅಡಿಯಿಂದ 45 ಅಡಿಗೆ ಏರುತ್ತದೆ ಎಂದು ನಗರ ಅರ್ಥೈಸಿತು. ಎತ್ತರ ತಗ್ಗಿಸಲು ಹೊರಟ ಮೆಷರ್‌ಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ. ತಂದವರು ತಮ್ಮ ಉದ್ದೇಶ ಅದಲ್ಲ ಎಂದು ವಾದಿಸಿದರು. ಸಹಿ ಸಂಗ್ರಹ ಶುರುವಾದ ಮೇಲೆ ಪಠ್ಯದ ಒಂದು ಅಲ್ಪವಿರಾಮವನ್ನೂ ತಿದ್ದುವಂತಿಲ್ಲ. ಕೌನ್ಸಿಲ್ ಬರೆದ ನಿಯಮದಲ್ಲಿ ತಪ್ಪಿದ್ದರೆ ಮುಂದಿನ ಸಭೆಯಲ್ಲಿ ಸರಿಪಡಿಸಬಹುದು. ಹೀಗೆ ಸಹಿ ಸಂಗ್ರಹಿಸಿ ತಂದು ಮತದಾರರು ಪಾಸು ಮಾಡಿದ ಮೆಷರ್‌ನಲ್ಲಿ ತಪ್ಪಿದ್ದರೆ, ಆ ಪಠ್ಯವೇ ಬೇರೆ ದಾರಿ ಹೇಳದ ಹೊರತು, ಸರಿಪಡಿಸಲು ಇನ್ನೊಂದು ಚುನಾವಣೆಯೇ ಬೇಕು.

ಯೆಸ್ ಯಾವುದಕ್ಕೆ, ನೋ ಯಾವುದಕ್ಕೆ

ಮತಪತ್ರದಲ್ಲಿ ಎಲ್ಲಕ್ಕೂ ‘ಮೆಷರ್’ ಎಂದೇ ಹೆಸರಿದ್ದರೂ ಒಳಗಿನ ಬಗೆ ಬೇರೆ ಬೇರೆ. ಇನಿಷಿಯೇಟಿವ್ ಅಂದರೆ ಜನರೇ ಅಥವಾ ಬಿಲ್ಡರೇ ಹೊಸ ನಿಯಮ ಬರೆದು ತಂದದ್ದು. ಸಾಮಾನ್ಯವಾಗಿ ನಗರದ ನೋಂದಾಯಿತ ಮತದಾರರಲ್ಲಿ ಶೇ. 10ರಷ್ಟು ಜನರ ಸಹಿಯನ್ನು 180 ದಿನಗಳಲ್ಲಿ ತರಬೇಕು. ಕೌಂಟಿಯ (ನಮ್ಮ ಜಿಲ್ಲೆಯಂಥ ಘಟಕ) ಮಟ್ಟದಲ್ಲಾದರೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಕೌಂಟಿಯಲ್ಲಿ ಬಿದ್ದ ಮತಗಳ ಶೇ. 10. ರೆಫರೆಂಡಮ್ ಅಂದರೆ ಕೌನ್ಸಿಲ್ ಈಗಾಗಲೇ ಪಾಸು ಮಾಡಿದ ನಿರ್ಣಯವನ್ನು ತಡೆದು ಜನರ ಮುಂದೆ ತರುವುದು. ಅದಕ್ಕಿರುವುದು ಬರೀ 30 ದಿನ. ಇವೆರಡೂ ಅಲ್ಲದೆ ಕೌನ್ಸಿಲ್ ತಾನಾಗಿ ಮತಕ್ಕಿಡುವುದೂ ಉಂಟು.

ರೆಫರೆಂಡಮ್ಮಿನಲ್ಲಿ ಜನ ತುಂಬಾ ಎಡವುತ್ತಾರೆ. ಅಲ್ಲಿ ‘ಯೆಸ್’ ಅಂದರೆ ಕೌನ್ಸಿಲ್ಲಿನ ತೀರ್ಮಾನ ಸರಿ, ಕಟ್ಟಲಿ ಎಂದು. ‘ನೋ’ ಅಂದರೆ ಆ ತೀರ್ಮಾನ ರದ್ದಾಗಲಿ ಎಂದು. ಸಹಿ ಹಾಕುವಾಗ ಕಟ್ಟಡದ ವಿರುದ್ಧವಿದ್ದವರು ಚುನಾವಣೆಯಲ್ಲಿ ‘ನೋ’ ತುಂಬಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಕಡಲಂಚಿನ 8 ವಾಷಿಂಗ್ಟನ್ ಯೋಜನೆಗೆ 134 ಫ್ಲ್ಯಾಟ್‌ಗಳ ಸಲುವಾಗಿ ಎತ್ತರದ ಮಿತಿಯನ್ನು 84 ಅಡಿಯಿಂದ 136 ಅಡಿಗೆ ಏರಿಸಿಕೊಟ್ಟಾಗ, ವಿರೋಧಿಗಳು ರೆಫರೆಂಡಮ್ ತಂದರು. ಬಿಲ್ಡರ್ ಕಡೆಯವರು ತಮ್ಮದೇ ಇನಿಷಿಯೇಟಿವ್ ತಂದರು. 2013ರ ನವೆಂಬರ್‌ನಲ್ಲಿ ರೆಫರೆಂಡಮ್ ಪ್ರೊಪೊಸಿಶನ್ ಸಿ ಆಗಿ, ಇನಿಷಿಯೇಟಿವ್ ಪ್ರೊಪೊಸಿಶನ್ ಬಿ ಆಗಿ (ಆ ಊರಿನಲ್ಲಿ ಮೆಷರ್‌ಗೆ ಇದೇ ಹೆಸರು) ಒಂದೇ ಮತಪತ್ರದಲ್ಲಿ ಕೂತವು. ವಿರೋಧಿಗಳಿಗೆ ಅದರಿಂದ ಅನುಕೂಲವೇ ಆಯಿತು. ಬಿ, ಸಿ ಎರಡಕ್ಕೂ ‘ನೋ’ ಎಂಬ ಒಂದೇ ಸಾಲಿನ ಪ್ರಚಾರ ಸಾಕಾಯಿತು. ಎರಡೂ ದೊಡ್ಡ ಅಂತರದಲ್ಲಿ ಬಿದ್ದವು. ಒಂದಕ್ಕೆ ಯೆಸ್, ಇನ್ನೊಂದಕ್ಕೆ ನೋ ಎಂದು ಹೇಳಿಕೊಡಬೇಕಾದ ಪ್ರಚಾರ ಇಷ್ಟು ಸಲೀಸಾಗಿ ನಡೆಯುವುದಿಲ್ಲ. ಗೊಂದಲವಾದ ಮತದಾರ ‘ನೋ’ ಕಡೆಗೇ ವಾಲುತ್ತಾನೆ ಎಂಬುದನ್ನು ಪ್ರಚಾರ ನಡೆಸುವವರೆಲ್ಲ ಬಲ್ಲರು. ಎದುರಾಳಿಯ ಮೆಷರ್ ಬೀಳಿಸಲು ಅದೇ ಧಾಟಿಯ ಇನ್ನೊಂದು ಮೆಷರ್ ಪಕ್ಕದಲ್ಲಿಡುವ ಉಪಾಯವೂ ಇದರಿಂದಲೇ ಹುಟ್ಟಿದ್ದು. ಪರಸ್ಪರ ವಿರುದ್ಧವಾದ ಎರಡು ಮೆಷರ್‌ಗಳೂ ಗೆದ್ದರೆ, ಹೆಚ್ಚು ‘ಯೆಸ್’ ಪಡೆದದ್ದು ಜಾರಿಯಾಗುತ್ತದೆ.

ಸಹಿ ಹಾಕುವಾಗ

ಕಾಸ್ಟ್‌ಕೋ ಅಂಗಡಿಯ ಮುಂದೆ ಹಲಗೆ ಹಿಡಿದು ನಿಂತವರಿಗೆ ಸಹಿ ಹಾಕುವುದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಮತಕ್ಕೆ ಬರಲಿ ಬಿಡಿ, ಆಮೇಲೆ ನೋಡೋಣ’ ಎಂಬ ಭಾವನೆ. ಆದರೆ ಸಾಕಷ್ಟು ಸಹಿ ಬಿದ್ದ ಇನಿಷಿಯೇಟಿವ್ ಮತಕ್ಕೆ ಬಂದೇ ಬರುತ್ತದೆ ಎಂದೇನಿಲ್ಲ. ಸಹಿ ಪ್ರಮಾಣಿತವಾದ ಮೇಲೆ ಕೌನ್ಸಿಲ್ಲಿಗೆ ಮೂರು ದಾರಿ ಇವೆ. ಒಂದಕ್ಷರ ಬದಲಿಸದೆ ತಾನೇ ಪಾಸು ಮಾಡಬಹುದು, ಚುನಾವಣೆಗೆ ಇಡಬಹುದು, ಅಥವಾ 30 ದಿನಗಳೊಳಗೆ ಪರಿಣಾಮಗಳ ವರದಿ ತರಿಸಿ, ಆಮೇಲೆ 10 ದಿನಗಳಲ್ಲಿ ಇವೆರಡರಲ್ಲಿ ಒಂದನ್ನು ಆರಿಸಬಹುದು. ಹಾಗೆ ನೇರವಾಗಿ ಪಾಸು ಮಾಡಿದರೆ ಪರಿಸರ ಪರಿಶೀಲನೆಯೂ ಬೇಕಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2014ರಲ್ಲಿ ಟುವಾಲಮಿ ಕೌಂಟಿಯ ವಾಲ್‌ಮಾರ್ಟ್ ಪ್ರಕರಣದಲ್ಲಿ ಹೇಳಿತು. ಬಿಲ್ಡರುಗಳು ಈ ದಾರಿಯನ್ನು ಚೆನ್ನಾಗಿಯೇ ಬಳಸಿಕೊಂಡರು. ಇಂಗಲ್‌ವುಡ್‌ನ ಕೌನ್ಸಿಲ್ ಸೋಫೈ ಕ್ರೀಡಾಂಗಣದ ಯೋಜನೆಯನ್ನು 2015ರ ಫೆಬ್ರವರಿಯಲ್ಲಿ 5-0 ಮತಗಳಿಂದ ಹೀಗೆಯೇ ಅಂಗೀಕರಿಸಿತು. ಸಾರ್ವಜನಿಕ ಮತದಾನ ನಡೆಯಲೇ ಇಲ್ಲ. ಆದ್ದರಿಂದ ಇನಿಷಿಯೇಟಿವ್‌ಗೆ ಹಾಕುವ ಸಹಿಯನ್ನು ಅರ್ಧ ಮತ ಎಂದೇ ತಿಳಿಯಬೇಕು.

ಅರ್ಜಿಯ ಮೇಲೆ ಒಂದು ಎಚ್ಚರಿಕೆಯ ಸಾಲು ಕಡ್ಡಾಯವಾಗಿ ಅಚ್ಚಾಗಿರುತ್ತದೆ. ಸಹಿ ಸಂಗ್ರಹಿಸುತ್ತಿರುವವರು ಸಂಬಳದವರೋ ಸ್ವಯಂಸೇವಕರೋ ಎಂದು ಕೇಳುವ ಹಕ್ಕು ನಿಮಗಿದೆ ಎಂಬುದು ಅದರ ಸಾರ. ಕೇಳಿ. ಇನಿಷಿಯೇಟಿವ್‌ನ ಪೂರ್ತಿ ಪಠ್ಯ ಅರ್ಜಿಯ ಜೊತೆಗೇ ಇರಬೇಕು. ಮೇಲಿನ ಒಂದು ಪುಟ ಮಾತ್ರ ತೋರಿಸಿದರೆ ಕೆಳಗಿನದನ್ನು ತಿರುವಿಸಿ. ನಗರದ ವಕೀಲರು ಬರೆದ ಶೀರ್ಷಿಕೆ ಮತ್ತು 500 ಪದಗಳೊಳಗಿನ ಸಾರಾಂಶವೂ ಅಲ್ಲೇ ಇರುತ್ತದೆ, ಅದನ್ನಾದರೂ ಓದಿ. ನೀವು ಆ ನಗರದ ನೋಂದಾಯಿತ ಮತದಾರರಲ್ಲದಿದ್ದರೆ ಸಹಿ ಲೆಕ್ಕಕ್ಕೆ ಬರುವುದಿಲ್ಲ. ಮನಸ್ಸು ಬದಲಾದರೆ, ಅರ್ಜಿ ಸಲ್ಲಿಕೆಯಾಗುವ ಮುನ್ನ ಚುನಾವಣಾ ಅಧಿಕಾರಿಗೆ ಲಿಖಿತವಾಗಿ ತಿಳಿಸಿ ಸಹಿ ಹಿಂಪಡೆಯಬಹುದು.

ಕೌನ್ಸಿಲ್ ನೇರವಾಗಿ ಪಾಸು ಮಾಡಿದ ಮೇಲೂ ಒಂದು ಬಾಗಿಲು ತೆರೆದಿರುತ್ತದೆ. ಸ್ಯಾನ್ ಡಿಯಾಗೊ ಬಳಿಯ ಕಾರ್ಲ್ಸ್‌ಬ್ಯಾಡ್‌ನಲ್ಲಿ ಲಗೂನ್ ಪಕ್ಕದ ಸುಮಾರು 200 ಎಕರೆಯ ಯೋಜನೆಯೊಂದು ‘85/15’ ಎಂಬ ಹೆಸರಿನಲ್ಲಿ ಬಂತು. ಶೇ. 85 ಬಯಲು, ಶೇ. 15 ಮಾಲ್ ಎಂದು ಅರ್ಥ. 2015ರಲ್ಲಿ ಕೌನ್ಸಿಲ್ ಮತದಾನವಿಲ್ಲದೆ ಅಂಗೀಕರಿಸಿತು. ನಿವಾಸಿಗಳು 30 ದಿನದಲ್ಲಿ ರೆಫರೆಂಡಮ್ ಸಹಿ ಕೂಡಿಸಿದರು. 2016ರ ಫೆಬ್ರವರಿಯ ಮತದಾನದಲ್ಲಿ ಯೋಜನೆ ಸಣ್ಣ ಅಂತರದಲ್ಲಿ ಬಿತ್ತು.

ಕೈಪಿಡಿ ಓದುವ ಬಗೆ

ಮನೆಗೆ ಬರುವ ಮತದಾರರ ಕೈಪಿಡಿಯಲ್ಲಿ ಜನ ಮೊದಲು ಓದುವುದು ಪರ-ವಿರೋಧದ ವಾದಗಳನ್ನು. ಅವು ತಲಾ 300 ಪದ, ಅವುಗಳ ಪ್ರತ್ಯುತ್ತರ ತಲಾ 250 ಪದ, ಸಹಿ ಮಾಡುವವರು ಹೆಚ್ಚೆಂದರೆ ಐವರು. ಈ ವಾದಗಳಲ್ಲಿ ಹೇಳಿದ್ದಕ್ಕೆಲ್ಲ ಯಾರೂ ಖಾತರಿ ಕೊಟ್ಟಿರುವುದಿಲ್ಲ. ಮತಪತ್ರದ ಮೇಲಿನ ಪ್ರಶ್ನೆಗೆ 75 ಪದಗಳ ಮಿತಿ. ನೂರು ಪುಟದ ಯೋಜನೆಯನ್ನೂ ಅಷ್ಟರಲ್ಲೇ ಹಿಂಡಬೇಕು. ಹಿಂಡುವಾಗ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂಬುದರ ಮೇಲೇ ಎಷ್ಟೋ ಸಲ ಸೋಲು-ಗೆಲುವು ನಿಲ್ಲುತ್ತದೆ. ಅದಕ್ಕೇ ಆ 75 ಪದಗಳ ಬಗ್ಗೆ ಕೋರ್ಟಿನಲ್ಲಿ ದಾವೆಗಳು ನಡೆಯುತ್ತವೆ. ಕೈಪಿಡಿ ಅಚ್ಚಿಗೆ ಹೋಗುವ ಮುನ್ನ 10 ದಿನ ಸಾರ್ವಜನಿಕರ ಪರಿಶೀಲನೆಗೆ ಇಡುತ್ತಾರೆ; ಆಕ್ಷೇಪವಿದ್ದವರು ಕೋರ್ಟಿಗೆ ಹೋಗಬೇಕಾದದ್ದು ಆಗಲೇ.

ನಾನಾದರೆ ಓದುವ ಕ್ರಮ ತಿರುಗಿಸುತ್ತೇನೆ. ಮೊದಲು ನಗರದ ವಕೀಲರ ನಿಷ್ಪಕ್ಷಪಾತ ವಿಶ್ಲೇಷಣೆ. 500 ಪದಗಳೊಳಗೆ ಈಗಿನ ನಿಯಮವೇನು, ಮೆಷರ್ ಏನು ಬದಲಿಸುತ್ತದೆ ಎಂದು ಅದರಲ್ಲಿರುತ್ತದೆ. ಆಮೇಲೆ, ಕೌನ್ಸಿಲ್ ತರಿಸಿರಬಹುದಾದ ಪರಿಣಾಮಗಳ ವರದಿಯನ್ನು ನಗರದ ಜಾಲತಾಣದಲ್ಲಿ ‘9212 ವರದಿ’ ಎಂದು ಹುಡುಕುವುದು. ಚುನಾವಣಾ ಸಂಹಿತೆಯ ಆ ಕಲಮಿನ ಹೆಸರಿನಲ್ಲೇ ಅದು ಚಲಾವಣೆಯಲ್ಲಿದೆ. ಖಜಾನೆಗೆ ಬರುವುದೆಷ್ಟು, ಹೋಗುವುದೆಷ್ಟು, ಜನರಲ್ ಪ್ಲಾನಿಗೆ ಹೊಂದುತ್ತದೆಯೇ, ರಸ್ತೆ-ಒಳಚರಂಡಿ-ನೀರಿನ ಮೇಲಿನ ಹೊರೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಕೊನೆಗೆ ಪೂರ್ತಿ ಪಠ್ಯ. ಅದರಲ್ಲಿ ಹಿಂದಿನ ಪುಟಗಳಿಂದ ಶುರುಮಾಡಿ. ಆರಂಭದ ಪುಟಗಳಲ್ಲಿ ‘ಉದ್ದೇಶಗಳು’ ಎಂದು ಮರ, ಮಕ್ಕಳು, ಊರಿನ ಸೊಗಡಿನ ಬಗ್ಗೆ ಚಂದದ ಮಾತುಗಳಿರುತ್ತವೆ, ಅವಕ್ಕೆ ಕಾನೂನಿನ ಬಲ ಕಡಿಮೆ. ವಿನಾಯಿತಿಗಳು, ಮುಂದೆ ತಿದ್ದುಪಡಿ ಮಾಡುವ ವಿಧಾನ, ಜಾರಿಯ ದಿನಾಂಕ, ಅವಧಿ ಮುಗಿಯುವ ವರ್ಷ, ಎದುರಾಳಿ ಮೆಷರ್ ಬಗ್ಗೆ ಏನು ಹೇಳಿದೆ ಎಂಬುದೆಲ್ಲ ಹಿಂದಿರುತ್ತದೆ.

ಅವಧಿಯ ಸಾಲು ಚಿಕ್ಕದು, ಪರಿಣಾಮ ದೊಡ್ಡದು. ನಾಪಾ ಕೌಂಟಿಯಲ್ಲಿ 1990ರ ಮೆಷರ್ ಜೆ, ಕೃಷಿ ಭೂಮಿಯ ಬಳಕೆ ಬದಲಿಸಬೇಕಾದರೆ ಮತದಾರರ ಒಪ್ಪಿಗೆ ಬೇಕು ಎಂದಿತು, 2020ರವರೆಗೆ. 2008ರ ಮೆಷರ್ ಪಿ ಅದನ್ನು 2058ಕ್ಕೆ ವಿಸ್ತರಿಸಿತು. ಸುತ್ತಮುತ್ತ ಎಲ್ಲ ಕಾಂಕ್ರೀಟಾದರೂ ನಾಪಾದ ದ್ರಾಕ್ಷಿ ತೋಟಗಳು ಇನ್ನೂ ಉಳಿದಿರುವುದರಲ್ಲಿ ಈ ಸಾಲಿನ ಪಾಲು ದೊಡ್ಡದು. ಜನರಲ್ ಪ್ಲಾನಿನ ಭೂಬಳಕೆ ಭಾಗವನ್ನು ಮತದಾರರು ಹೀಗೆ ಕಟ್ಟಿಹಾಕಬಹುದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಒಪ್ಪಿದ್ದು ಇದೇ ಮೆಷರ್ ಬಗ್ಗೆ. ಸೊಲಾನೊ ಕೌಂಟಿಯಲ್ಲಿಯೂ ಇಂಥದೇ ಕಾನೂನಿದೆ. ಅಲ್ಲಿ 50 ಸಾವಿರ ಎಕರೆಗೂ ಹೆಚ್ಚು ಜಮೀನು ಕೊಂಡ ಕ್ಯಾಲಿಫೋರ್ನಿಯಾ ಫಾರೆವರ್ ಸಂಸ್ಥೆ ಹೊಸ ನಗರ ಕಟ್ಟಲು ಮತದಾರರ ಮುಂದೆಯೇ ಹೋಗಬೇಕಾಯಿತು. ಸಹಿ ಸಾಕಷ್ಟು ಸಿಕ್ಕಿದ್ದರೂ, ಕೌಂಟಿಯ ವರದಿ ಖರ್ಚಿನ ಬಗ್ಗೆ ಗಂಭೀರ ಪ್ರಶ್ನೆಗಳನ್ನು ಎತ್ತಿದ ಮೇಲೆ, 2024ರ ಜುಲೈನಲ್ಲಿ ಸಂಸ್ಥೆ ಮೆಷರನ್ನು ಹಿಂತೆಗೆದುಕೊಂಡು ಮೊದಲು ಪರಿಸರ ವರದಿ ಮಾಡಿಸಲು ಒಪ್ಪಿತು. ಯಾರೂ ಓದುವುದಿಲ್ಲ ಎನ್ನುವ ವರದಿಯ ಬಲ ಅದು.

ದುಡ್ಡು ಯಾರದು ಎಂಬುದನ್ನೂ ನೋಡಬೇಕು. ಪ್ರಚಾರ ಸಮಿತಿಗಳು ನಗರದ ಕ್ಲರ್ಕ್ ಕಚೇರಿಗೆ ಕೊಡುವ ಫಾರ್ಮ್ 460ರಲ್ಲಿ ದೇಣಿಗೆ-ಖರ್ಚಿನ ವಿವರ ಇರುತ್ತದೆ. ಚುನಾವಣೆಗೆ ಮುಂಚಿನ 90 ದಿನಗಳಲ್ಲಿ 1,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ 24 ಗಂಟೆಯೊಳಗೆ ಫಾರ್ಮ್ 497 ಸಲ್ಲಿಸಬೇಕು. ಬಹಳಷ್ಟು ನಗರಗಳು ಇವನ್ನು ಜಾಲತಾಣದಲ್ಲಿ ಹಾಕುತ್ತವೆ. ಸಮಿತಿಯ ಹೆಸರಿನಲ್ಲಿ ‘ನಿವಾಸಿಗಳು’ ಎಂದಿದ್ದ ಮಾತ್ರಕ್ಕೆ ದುಡ್ಡು ನಿವಾಸಿಗಳದ್ದಾಗಿರಬೇಕಿಲ್ಲ.

ಟ್ರಾಫಿಕ್, ಶಾಲೆ, ಮನೆಯ ಬೆಲೆ

ಜನ ನಿಜವಾಗಿ ತೀರ್ಮಾನಿಸುವುದು ಈ ಮೂರರ ಮೇಲೆ. ಮನೆ ಕೊಂಡವರ ಜೀವಮಾನದ ಉಳಿತಾಯವೆಲ್ಲ ಆ ಒಂದು ಆಸ್ತಿಯಲ್ಲೇ ಇರುತ್ತದೆ, ಅದಕ್ಕೆ ವಿಮೆ ಮಾಡಿಸಿದಂತೆ ಅವರು ಮತ ಹಾಕುತ್ತಾರೆ ಎಂದು ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞ ವಿಲಿಯಂ ಫಿಶೆಲ್ ವಾದಿಸಿದ್ದರು. ಬಾಡಿಗೆದಾರರು ಹಾಗಲ್ಲ, ಹೊಸ ಮನೆ ಬಂದಷ್ಟೂ ಅವರಿಗೆ ಒಳ್ಳೆಯದು ಎಂದುಕೊಳ್ಳುತ್ತೇವೆ. ರಾಜಕೀಯಶಾಸ್ತ್ರಜ್ಞ ಮೈಕಲ್ ಹ್ಯಾಂಕಿನ್ಸನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತಿದ್ದಿತು. ಸ್ಯಾನ್ ಫ್ರಾನ್ಸಿಸ್ಕೊದಂಥ ದುಬಾರಿ ಊರಿನ ಬಾಡಿಗೆದಾರರು ಇಡೀ ನಗರಕ್ಕೆ ಹೊಸ ಮನೆ ಬೇಕು ಎನ್ನುತ್ತಾರೆ, ತಮ್ಮ ಬೀದಿಗೆ ಬಂದಾಗ ಮನೆ ಮಾಲೀಕರಂತೆಯೇ ಬೇಡ ಎನ್ನುತ್ತಾರೆ. ಬೀದಿಯಲ್ಲಿ ಹೊಸ ಕಟ್ಟಡ ಎದ್ದರೆ ತಮ್ಮ ಬಾಡಿಗೆಯೂ ಏರುತ್ತದೆಂಬ ಭಯ ಅದರ ಹಿಂದಿದೆ.

ಟ್ರಾಫಿಕ್ ವರದಿ ಓದುವವರಿಗೆ ಒಂದು ವಿಷಯ ಗೊತ್ತಿರಬೇಕು. 2020ರ ಜುಲೈನಿಂದ ರಾಜ್ಯದ ಪರಿಸರ ಪರಿಶೀಲನೆಯಲ್ಲಿ ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದು ಮಾನದಂಡವಲ್ಲ. ವಾಹನಗಳು ಒಟ್ಟು ಎಷ್ಟು ಮೈಲಿ ಓಡುತ್ತವೆ ಎಂಬುದು ಮಾನದಂಡ. ಹಾಗಾಗಿ ‘ಗಣನೀಯ ಪರಿಣಾಮವಿಲ್ಲ’ ಎಂದು ವರದಿ ಹೇಳಿದರೆ ನಿಮ್ಮ ಮೂಲೆಯ ಸಿಗ್ನಲ್ ಹಗುರವಾಗುತ್ತದೆ ಎಂದು ಅರ್ಥವಲ್ಲ. ಆ ಲೆಕ್ಕ ಬೇಕಿದ್ದರೆ ನಗರ ಪ್ರತ್ಯೇಕವಾಗಿ ಮಾಡಿಸಿದ ಸ್ಥಳೀಯ ಸಂಚಾರ ವಿಶ್ಲೇಷಣೆ ಇದೆಯೇ ಎಂದು ಕೇಳಬೇಕು.

ಶಾಲೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮವರು ಇಲ್ಲಿ ಮನೆ ಕೊಳ್ಳುವುದೇ ಶಾಲೆ ನೋಡಿ. ‘ಮಕ್ಕಳಿಗೆ ಜಾಗ ಸಾಲದು’ ಎಂಬ ಕರಪತ್ರ ನೇರ ಎದೆಗೆ ನಾಟುತ್ತದೆ. ಆದರೆ 1998ರ ಎಸ್‌ಬಿ 50 ಕಾಯ್ದೆಯ ಪ್ರಕಾರ ಬಿಲ್ಡರ್ ಚದರಡಿಗೆ ಇಂತಿಷ್ಟೆಂದು ಶಾಲಾ ಶುಲ್ಕ ಕಟ್ಟಿದರೆ ಮುಗಿಯಿತು, ಶಾಲೆ ತುಂಬಿದೆ ಎಂಬ ಕಾರಣಕ್ಕೆ ನಗರ ಯೋಜನೆಯನ್ನು ನಿರಾಕರಿಸುವಂತಿಲ್ಲ. ಶಾಲೆ ತುಂಬಿದೆಯೇ ಎಂಬುದನ್ನೂ ವಿಚಾರಿಸಬೇಕು. ಮನೆಗಳ ಬೆಲೆ ಚಿಕ್ಕ ಮಕ್ಕಳ ಸಂಸಾರಗಳಿಗೆ ಎಟುಕದಂತಾದ ಕ್ಯುಪರ್ಟಿನೊದಲ್ಲಿ ಮಕ್ಕಳ ಸಂಖ್ಯೆ ಕುಸಿದು, ಅಲ್ಲಿನ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆ 2022ರಲ್ಲಿ ಶಾಲೆಗಳನ್ನೇ ಮುಚ್ಚಬೇಕಾಯಿತು.

ಇನ್ನು ಗೆದ್ದ ಮೆಷರ್ ಉಳಿಯುತ್ತದೆಯೇ ಎಂಬ ಪ್ರಶ್ನೆ. ಲಿವರ್‌ಮೋರ್ ಅಂದರೆ ನಮ್ಮವರಿಗೆ ಶಿವ-ವಿಷ್ಣು ದೇವಸ್ಥಾನ. ಭೂ ಕಾನೂನಿನವರಿಗೆ ಅದು 1972ರ ಇನಿಷಿಯೇಟಿವ್. ಶಾಲೆ, ಒಳಚರಂಡಿ, ನೀರು ಸಾಕಷ್ಟಾಗುವವರೆಗೆ ಹೊಸ ಮನೆಗಳಿಗೆ ಪರವಾನಗಿ ಬೇಡ ಎಂದಿತ್ತು ಅದು. ಮತದಾರರು ಝೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ನಿಯಮ) ವಿಷಯದಲ್ಲಿ ಹೀಗೆ ಕಾನೂನು ಮಾಡಬಹುದು ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಕ್ಕದ ಪ್ಲೆಸೆಂಟನ್ ಮತದಾರರು 1996ರಲ್ಲಿ ಇಡೀ ಊರಿಗೆ 29,000 ಮನೆಗಳ ಮಿತಿ ಹಾಕಿದರು. 2010ರಲ್ಲಿ ಕೋರ್ಟ್ ಅದನ್ನು ತಳ್ಳಿಹಾಕಿತು, ಏಕೆಂದರೆ ಇಷ್ಟು ಮನೆಗಳಿಗೆ ಅವಕಾಶ ಮಾಡಬೇಕೆಂದು ರಾಜ್ಯ ಆ ಊರಿಗೆ ಹಂಚಿದ ಪಾಲಿಗೆ ಆ ಮಿತಿಯೊಳಗೆ ಜಾಗವಿರಲಿಲ್ಲ. 2019ರ ಎಸ್‌ಬಿ 330 ಬಂದ ಮೇಲೆ ಬಹುತೇಕ ನಗರಗಳಲ್ಲಿ ವಸತಿಗೆ ಹೊಸದಾಗಿ ಇಂಥ ಮಿತಿಯನ್ನೋ ತಡೆಯನ್ನೋ ಮತದಾರರೂ ತರುವಂತಿಲ್ಲ.  ಹಾಗಾಗಿ ಈಗ ಯಾವುದೇ ಮೆಷರ್ ನೋಡುವಾಗ ನಗರಕ್ಕೆ ರಾಜ್ಯ ಹಂಚಿದ ಪಾಲೆಷ್ಟು ಎಂದು ಜೊತೆಗಿಟ್ಟು ನೋಡಬೇಕು. 2023ರಿಂದ 2031ರ ಅವಧಿಗೆ ಕ್ಯುಪರ್ಟಿನೊದ ಪಾಲು 4,588 ಮನೆ. ಅಷ್ಟಕ್ಕೆ ಜಾಗ ತೋರಿಸುವ ಯೋಜನೆಯನ್ನು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ನಗರಗಳು 2023ರ ಜನವರಿ 31ರೊಳಗೆ ಮುಗಿಸಬೇಕಿತ್ತು. ತಪ್ಪಿದ ಊರುಗಳಲ್ಲಿ, ಕಡಿಮೆ ಆದಾಯದವರ ಪಾಲು ಕೊಡುವ ಬಿಲ್ಡರಿಗೆ ಝೋನಿಂಗ್ ಮುಂದಿಟ್ಟು ಬೇಡ ಎನ್ನುವ ಅಧಿಕಾರವೇ ನಗರಕ್ಕೆ ಇಲ್ಲವಾಯಿತು.

ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಮತ ಹಾಕುವಂತಿಲ್ಲ, ಅರ್ಜಿಗೆ ಸಹಿ ಹಾಕುವಂತಿಲ್ಲ. ಆದರೆ ಯೋಜನಾ ಆಯೋಗ ಮತ್ತು ಕೌನ್ಸಿಲ್ ಸಭೆಗಳಲ್ಲಿ ಮಾತಾಡಲು, ಬರೆದು ಕಳಿಸಲು ಪೌರತ್ವ ಬೇಕಿಲ್ಲ. ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ ಸಿಗುತ್ತದೆ. ಪರಿಸರ ವರದಿಯ ಕರಡಿಗೆ ಲಿಖಿತ ಪ್ರಶ್ನೆ ಕಳಿಸಿದರೆ ಅಂತಿಮ ವರದಿಯಲ್ಲಿ ನಗರ ಅದಕ್ಕೆ ಉತ್ತರ ಬರೆಯಲೇಬೇಕು.

ಮತಪತ್ರಗಳು ಚುನಾವಣೆಗೆ 29 ದಿನ ಮುಂಚಿನಿಂದ ಅಂಚೆಯಲ್ಲಿ ಹೊರಡುತ್ತವೆ. ಭೂ ಮೆಷರ್‌ಗಳಿಗೆ ಸಾಮಾನ್ಯವಾಗಿ ಸರಳ ಬಹುಮತ ಸಾಕು, ಅದೂ ಆ ಪ್ರಶ್ನೆಗೆ ಉತ್ತರಿಸಿದವರ ಬಹುಮತ. ಮತಪತ್ರದ ಮೇಲ್ಭಾಗದ ಅಭ್ಯರ್ಥಿಗಳಿಗೆ ಮತ ತುಂಬಿ ಮೆಷರ್‌ಗಳಿರುವ ಕೊನೆಯ ಪುಟ ಖಾಲಿ ಬಿಟ್ಟವರು ಲೆಕ್ಕದಲ್ಲೇ ಇರುವುದಿಲ್ಲ. ಅಭ್ಯರ್ಥಿಗಳ ಬಗ್ಗೆ ಮನಸ್ಸಿಲ್ಲದಿದ್ದರೆ ಆ ಭಾಗವನ್ನು ಖಾಲಿ ಬಿಟ್ಟು ಬರೀ ಮೆಷರ್‌ಗಳಿಗೆ ಉತ್ತರಿಸಿದರೂ ಮತಪತ್ರ ಸಿಂಧುವೇ. ಲಕೋಟೆಯ ಮೇಲಿನ ಸಹಿ ನೋಂದಣಿಯ ಸಹಿಗೆ ಹೊಂದಬೇಕು. ನೋಂದಣಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಲಕೋಟೆಯ ಮೇಲೂ ಕನ್ನಡದಲ್ಲೇ ಮಾಡಿ.